ಇಂಟರ್‌ಫಿಯರೆನ್ಸ್ ಸೊನ್ನೆ ಅಂತ ಬಂತು, ಶಾಪಲ್ಲಿ ಮೂರು ಕಡೆ ಕೂರುತ್ತಿಲ್ಲ

ಪೀಣ್ಯದ ಹುಡುಗ

ಎಲ್ಲರಿಗೂ ನಮಸ್ಕಾರ. ಪೀಣ್ಯದ ಒಂದು ಚಿಕ್ಕ ಶಾಪಿನಲ್ಲಿ ಫಿಕ್ಸ್ಚರ್ (ಮಷಿನ್ ಕೆಲಸಕ್ಕೆ ಪಾರ್ಟ್ ಹಿಡಿದಿಡುವ ಸಾಧನ) ಡಿಸೈನ್ ಮಾಡುತ್ತೇನೆ. ಡಿಪ್ಲೊಮಾ ಮುಗಿಸಿ ಎರಡು ವರ್ಷ ಆಯಿತು. ಡಿಸೈನಿಗೆ ನಾನೊಬ್ಬನೇ. ಡ್ರಾಯಿಂಗ್ ತೋರಿಸಿ ಸರಿ ಇದೆಯಾ ಅಂತ ಕೇಳೋಣ ಅಂದರೆ ಮೇಲೆ ಯಾರೂ ಇಲ್ಲ, ಅದಕ್ಕೇ ಇಲ್ಲಿ ಬಂದೆ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಜಾಬ್ ಇದು. ಪಂಪ್ ಬಾಡಿಗೆ ಎರಡೂ ಕಡೆಯಿಂದ ಡ್ರಿಲ್ ಹಾಕಬೇಕು, ಹಾಗಾಗಿ ತಿರುಗುವ ಫಿಕ್ಸ್ಚರ್. 400×300×25ರ ಎಂಎಸ್ (ಮೆತ್ತನೆ ಉಕ್ಕು) ಬೇಸ್ ಪ್ಲೇಟ್. ಎರಡು ತುದಿಗೂ ಶಾಫ್ಟ್, ಒಂದೊಂದು ಶಾಫ್ಟಿಗೆ ಒಂದು 6205 ಬೇರಿಂಗ್. ಪ್ಲೇಟಿನ ನಡುವೆ 60×40ರ ಪಾಕೆಟ್, 8 ಮಿ.ಮೀ. ಆಳ. ಅದರಲ್ಲಿ ಲೊಕೇಟಿಂಗ್ ಬ್ಲಾಕ್ ಕೂರಬೇಕು. ಬ್ಲಾಕ್ ಓಎಚ್‌ಎನ್‌ಎಸ್, ಅಂದರೆ ಟೂಲ್ ಸ್ಟೀಲ್, ಹಾರ್ಡನ್ ಮಾಡಿಸಿ ಗ್ರೈಂಡ್ ಮಾಡಿಸಿದ್ದು. ಅದನ್ನು ಹಿಡಿಯಲು ಎರಡು ಎಂ8 ಅಲೆನ್ ಬೋಲ್ಟ್, ಜಾಗ ತಪ್ಪದಿರಲು ಎರಡು 8ರ ಡೋವೆಲ್ ಪಿನ್.

ಸಾಲಿಡ್‌ವರ್ಕ್ಸ್‌ನಲ್ಲಿ ಇಂಟರ್‌ಫಿಯರೆನ್ಸ್ ಡಿಟೆಕ್ಷನ್ (ಮಾಡೆಲ್‌ನಲ್ಲಿ ಒಂದು ಪಾರ್ಟ್ ಇನ್ನೊಂದರೊಳಗೆ ನುಗ್ಗಿದೆಯಾ ಅಂತ ನೋಡುವ ಚೆಕ್) ಹಾಕಿದಾಗ ಮೊದಲು 41 ಬಂದವು. ಎದೆ ಧಸಕ್ ಅಂತು. ನೋಡಿದರೆ 32 ಬರೀ ಬೋಲ್ಟುಗಳು. ಫಾಸ್ಟನರ್ ಫೋಲ್ಡರ್ ಟಿಕ್ ಮಾಡಿದೆ, ಅವೆಲ್ಲ ಒಂದು ಕಡೆ ಸರಿದವು. ಉಳಿದ 9ರಲ್ಲಿ ನಾಲ್ಕು ಸ್ಪ್ರಿಂಗ್ ಪ್ಲಂಜರ್ ಥ್ರೆಡ್, ಒಂದು ಸ್ಪ್ರಿಂಗ್. ಅವನ್ನು ನೋಡಿ ಇಗ್ನೋರ್ ಕೊಟ್ಟೆ. ಕೆಳಗೆ ಇನ್ನೂ ನಾಲ್ಕು ಸಣ್ಣವು ಇದ್ದವು. ರಾತ್ರಿ ಎಂಟು ಗಂಟೆ ಆಗಿತ್ತು, ಬೆಳಿಗ್ಗೆ ಡ್ರಾಯಿಂಗ್ ಕೊಡಲೇಬೇಕಿತ್ತು. "ಇದಕ್ಕಿಂತ ಚಿಕ್ಕದನ್ನೆಲ್ಲ ಇಗ್ನೋರ್ ಮಾಡು" ಅನ್ನೋ ಆಯ್ಕೆಯಲ್ಲಿ 100 ಘನ ಮಿ.ಮೀ. ಹಾಕಿದೆ. ಸೊನ್ನೆ ಬಂತು. ಖುಷಿಯಾಗಿ ಮನೆಗೆ ಹೋದೆ.

ನಿನ್ನೆ ಜೋಡಿಸಲು ಕೂತರೆ:

ಒಂದು, ಬ್ಲಾಕ್ ಪಾಕೆಟ್ಟಿನೊಳಗೆ ಇಳಿಯುತ್ತಲೇ ಇಲ್ಲ. ಮೇಲೆ ಕೂತಿದೆ, ಅಷ್ಟೇ. ಟಾಲರೆನ್ಸ್ ಸರಿಯಾಗೇ ಕೊಟ್ಟಿದ್ದೇನೆ. ಪಾಕೆಟ್ 60 ಎಚ್7, ಬ್ಲಾಕ್ 60 ಜಿ6, ಅಂದರೆ ಪಾಕೆಟ್ ಚೂರು ದೊಡ್ಡದು, ಬ್ಲಾಕ್ ಚೂರು ಚಿಕ್ಕದು. ಮೈಕ್ರೋಮೀಟರಲ್ಲಿ ಬ್ಲಾಕ್ 59.98, ಪಾಕೆಟ್ 60.02. ಅಳತೆಯಲ್ಲಿ ಜಾಗ ಇದೆ, ಕಣ್ಣೆದುರು ಇಲ್ಲ!

ಎರಡು, ಬೇರಿಂಗ್ ಶಾಫ್ಟಿನ ಶೋಲ್ಡರಿಗೆ (ದಪ್ಪ ಶುರುವಾಗುವ ಮೆಟ್ಟಿಲಿಗೆ) ಹೋಗಿ ಮುಟ್ಟುತ್ತಿಲ್ಲ. ಎರಡೂ ಕಡೆ ಇದೇ ಕತೆ. ಸಂದು ಅಳೆಯುವ ಫೀಲರ್ ಗೇಜ್ 0.40 ಹೋಗುತ್ತೆ, 0.45 ಹೋಗಲ್ಲ.

ಮೂರು, ಕ್ಲ್ಯಾಂಪ್ ಆರ್ಮ್ ಮುಚ್ಚಿದಾಗ ಸರಿ ಇದೆ. ತೆರೆಯಲು ಹೋದರೆ ಅರ್ಧದಲ್ಲಿ ಅಲೆನ್ ಬೋಲ್ಟಿನ ತಲೆಗೆ ಬಡಿಯುತ್ತೆ.

ನಮ್ಮ ಫಿಟ್ಟರ್ ಅಣ್ಣ ಎಲ್ಲರ ಎದುರಿಗೆ "ಏನಪ್ಪಾ, ಕಂಪ್ಯೂಟರಲ್ಲಿ ಕೂತಿದ್ದು ಇಲ್ಲಿ ಯಾಕೆ ಮುನಿಸ್ಕೊಂಡಿದೆ?" ಅಂದರು. ಓನರ್ ಏನೂ ಅನ್ನಲಿಲ್ಲ. ಅದೇ ಜಾಸ್ತಿ ಭಯ. ಸಾಫ್ಟ್‌ವೇರ್ ಸೊನ್ನೆ ಅಂದಮೇಲೂ ಹೀಗೆ ಯಾಕೆ ಆಗುತ್ತೆ?

ಉದ್ಯಮಬಾಗ ವಿಎಂಸಿ

ಬೆಳಗಾವಿಯಿಂದ. ನಾನು ಡಿಸೈನರ್ ಅಲ್ಲ, ಮಷಿನ್ ಮೇಲೆ ಇರುವವನು. ನಿಮ್ಮ ಒಂದನೇ ಸಮಸ್ಯೆ ಓದಿ ನಗು ಬಂತು ರೀ, ತಪ್ಪು ತಿಳೀಬೇಡಿ. ವಾರಕ್ಕೊಂದು ಇಂಥಾ ಡ್ರಾಯಿಂಗ್ ನನ್ನ ಕೈಗೆ ಬರುತ್ತೆ.

ಮಾಡೆಲ್‌ನಲ್ಲಿ ಪಾಕೆಟ್ಟಿನ ನಾಲ್ಕು ಮೂಲೆ ಹೇಗೆ ಹಾಕಿದ್ದೀರಿ? ಚಾಕುವಿನಲ್ಲಿ ಕೊಯ್ದಂಗ ಚೂಪಾಗಿ ಇರಬೇಕು, ಅಲ್ವಾ? ಎಂಡ್ ಮಿಲ್ ದುಂಡಗಿರುತ್ತೆ ರೀ. 10ರ ಕಟ್ಟರ್ ಹಾಕಿದರೆ ಒಳಮೂಲೆಯಲ್ಲಿ ಆರ್5, ಅಂದರೆ 5 ಮಿ.ಮೀ. ತ್ರಿಜ್ಯದ ದುಂಡು, ಉಳಿಯುತ್ತೆ. ಅದು ಎಲ್ಲಿಗೂ ಹೋಗಲ್ಲ. ಬ್ಲಾಕಿನ ಮೂಲೆ ಹೋಗಿ ಆ ದುಂಡಿನ ಮೇಲೆ ಕೂತಿದೆ. ನೀವು ಮೈಕ್ರೋಮೀಟರ್ ಹಿಡಿದದ್ದು ನಡುವೆ. ಅಲ್ಲಿ ಜಾಗ ಇದ್ದೇ ಇದೆ.

ಮಾಡಿದವರು ಒಂದು ಫೋನ್ ಮಾಡಿ ಕೇಳಬೇಕಿತ್ತು. ನಾನಾದರೆ ಕೇಳುತ್ತೇನೆ. ಡಿಸೈನ್‌ನವರು ಎತ್ತಲಿಲ್ಲ ಅಂದರೆ 10ರ ಕಟ್ಟರ್ ಹಾಕಿ ಕಳಿಸುತ್ತೇನೆ, ಅದೂ ಖರೆ.

ಲೆಕ್ಕ ಹಾಕಿ ನೋಡಿ. ಆರ್5 ಮೂಲೆಯಲ್ಲಿ ಕರ್ಣದ ಉದ್ದಕ್ಕೆ ಸುಮಾರು 2.07 ಮಿ.ಮೀ. ಲೋಹ ಉಳಿದಿರುತ್ತೆ. ಬ್ಲಾಕಿನ ಮೂಲೆಗೆ 3×45 ಚ್ಯಾಂಫರ್ ಹೊಡೆಸಿದರೆ, ಅಂದರೆ ಮೂಲೆ ಓರೆಯಾಗಿ ಕತ್ತರಿಸಿದರೆ, ಕರ್ಣದಲ್ಲಿ 2.12 ಹೋಗುತ್ತೆ. ಸಾಕು, ಕೂರುತ್ತೆ.

ಟೂಲ್‌ರೂಮ್ ಅಜ್ಜ

ಉದ್ಯಮಬಾಗದವರು ರೋಗ ಸರಿಯಾಗಿ ಹೇಳಿದ್ದಾರೆ, ಔಷಧಿ ಸಾಲದು. 3ರ ಚ್ಯಾಂಫರ್ ಕೂರಲ್ಲ. ನಾನೂ ಒಂದು ಕಾಲದಲ್ಲಿ ಇದೇ ಲೆಕ್ಕ ಹಾಕಿ ಒಂದು ಬ್ಲಾಕ್ ಹಾಳು ಮಾಡಿದ್ದೇನೆ.

ಕರ್ಣದ ನಡುವೆ ಜಾಗ ಸಿಕ್ಕಿತು, ನಿಜ. ಆದರೆ ಚ್ಯಾಂಫರಿಗೆ ಎರಡು ತುದಿ ಇದೆಯಲ್ಲ? ಆ ತುದಿಗಳು ಗೋಡೆಯ ಮೇಲೆ ಮೂಲೆಯಿಂದ 3 ಮಿ.ಮೀ. ದೂರದಲ್ಲಿ ಬರುತ್ತವೆ. ಆರ್5 ದುಂಡು ಶುರುವಾಗುವುದೇ 5 ಮಿ.ಮೀ. ದೂರದಿಂದ. 3ರ ಜಾಗದಲ್ಲಿ ಆ ದುಂಡು ಆಗಲೇ ಗೋಡೆಯಿಂದ 0.4ರಷ್ಟು ಎದ್ದು ನಿಂತಿರುತ್ತೆ. ನಿನ್ನ ಕ್ಲಿಯರೆನ್ಸ್ ಎಷ್ಟು? 0.04. ಹತ್ತು ಪಟ್ಟು ಕಮ್ಮಿ. ನಡು ತಪ್ಪಿಸಿಕೊಂಡು ಎರಡು ಭುಜ ಸಿಕ್ಕಿಹಾಕಿಕೊಂಡ ಹಾಗೆ. ಆರ್5ಗೆ ಚ್ಯಾಂಫರ್ 5 ಆಗಲೇಬೇಕು, 5.5 ಇಟ್ಟರೆ ನೆಮ್ಮದಿ. ನಂಬಿಕೆ ಇಲ್ಲದಿದ್ದರೆ ಒಂದು ಸ್ಕೆಚ್ ಹಾಕಿ ನೋಡು, ಎರಡು ನಿಮಿಷದ ಕೆಲಸ.

ಆದರೆ ಹಾರ್ಡನ್ ಆದ ಬ್ಲಾಕ್ ಮುಟ್ಟಬೇಡ. ಬೇಸ್ ಪ್ಲೇಟ್ ಎಂಎಸ್ ತಾನೇ, ಮೆತ್ತಗಿದೆ. ಅದನ್ನೇ ವಿಎಂಸಿ ಮಿಲ್ಲಿಂಗ್ ಮಷಿನಿಗೆ ಹಾಕಿ ಅದೇ 10ರ ಕಟ್ಟರ್ ಅನ್ನು ನಾಲ್ಕು ಮೂಲೆಯಲ್ಲಿ ನೇರ ಇಳಿಸು. ಸೆಂಟರ್ ಎಲ್ಲಿ ಅಂದರೆ ಎರಡೂ ಗೋಡೆಯಿಂದ 3.5 ಒಳಗೆ. ಕಟ್ಟರ್ ಗೋಡೆಗೆ 1.5ರಷ್ಟು ತಿನ್ನುತ್ತೆ, ಮೂಲೆ ಪೂರ್ತಿ ಖಾಲಿ ಆಗುತ್ತೆ. ನೋಡಲು ನಾಯಿ ಮೂಳೆ ಥರ ಕಾಣುತ್ತೆ, ಹೆಸರೂ ಅದೇ, ಡಾಗ್‌ಬೋನ್.

ಈಗ ಬೇರಿಂಗ್. ಮೊದಲು ಒಂದು ಮಾತು: ಇನ್ನೊಂದು ಏಟು ಹಾಕಿದರೆ ಕೂರುತ್ತೆ ಅಂತ ಯಾರಾದರೂ ಸುತ್ತಿಗೆ ತಂದರೆ ಸುತ್ತಿಗೆ ಕಿತ್ತುಕೋ. ನಿನ್ನ ಶಾಫ್ಟಿನಲ್ಲಿ ಶೋಲ್ಡರಿನ ಬುಡಕ್ಕೆ ಫಿಲ್ಲೆಟ್ (ಒಳಮೂಲೆಯ ದುಂಡು) ಎಷ್ಟು ಕೊಟ್ಟಿದ್ದೀಯ? 6205ರ ಮೂಲೆಯ ದುಂಡು ಕ್ಯಾಟಲಾಗಿನಲ್ಲಿ ಕನಿಷ್ಠ 1 ಮಿ.ಮೀ. ಶಾಫ್ಟ್ ಫಿಲ್ಲೆಟ್ 1ನ್ನು ಮೀರಬಾರದು. ಮೀರಿದರೆ ಬೇರಿಂಗ್ ಒಳ ರಿಂಗಿನ ಮೂಲೆ ಫಿಲ್ಲೆಟ್ ಮೇಲೆ ಏರಿ ನಿಲ್ಲುತ್ತೆ, ಶೋಲ್ಡರ್ ಮುಟ್ಟಲ್ಲ. 0.40 ಹೋಗುತ್ತೆ ಅಂದೆಯಲ್ಲ, ನಾನು ಕೂತಲ್ಲಿಂದಲೇ ಹೇಳುತ್ತೇನೆ. 1.5 ಇರಬೇಕು.

ಖಚಿತ ಮಾಡಿಕೊಳ್ಳಲು ಬೇರಿಂಗ್ ಬಿಚ್ಚು. ಪುಲ್ಲರ್ ಒಳ ರಿಂಗನ್ನೇ ಹಿಡಿಯಬೇಕು. ಆಮೇಲೆ ಶೋಲ್ಡರಿಗೂ ಫಿಲ್ಲೆಟ್ಟಿಗೂ ತೆಳ್ಳಗೆ ಮಾರ್ಕಿಂಗ್ ಬ್ಲೂ ಹಚ್ಚು. ಬೇರಿಂಗ್ ಏರಿಸಿ ಮತ್ತೆ ಬಿಚ್ಚಿ ನೋಡು. ಫಿಲ್ಲೆಟ್ ಮೇಲೆ ಒಂದು ಉಂಗುರದ ಹಾಗೆ ಬಣ್ಣ ಒರೆಸಿಹೋಗಿ, ಶೋಲ್ಡರ್ ಮುಖದಲ್ಲಿ ಬಣ್ಣ ಹಾಗೇ ಇದ್ದರೆ ಮುಗೀತು.

ಇನ್ನೊಂದು. ನಿನ್ನ ಇಗ್ನೋರ್ ಮಾಡಿದ ಪಟ್ಟಿ ತೆರೆ. ಶೋ ಇಗ್ನೋರ್ಡ್ ಟಿಕ್ ಮಾಡು. ಆ ನಾಲ್ಕು ಸಣ್ಣವು ಯಾವುವು ಅಂತ ಇಲ್ಲಿ ಬರಿ.

ಪೀಣ್ಯದ ಹುಡುಗ

ಸರ್, ತಲೆ ತಗ್ಗಿಸಿ ಬರೆಯುತ್ತಿದ್ದೇನೆ.

ಎರಡು ರೆಸ್ಟ್ ಪ್ಯಾಡ್‌ಗಳ ಎಂ6 ಥ್ರೆಡ್, ಒಂದೊಂದು 86. ಇನ್ನೆರಡು ಬೇರಿಂಗ್ ಮತ್ತು ಶಾಫ್ಟ್ ನಡುವೆ. ಒಂದೊಂದು 21.7 ಘನ ಮಿ.ಮೀ. ಝೂಮ್ ಮಾಡಿದರೆ ಬುಡದಲ್ಲಿ ಕೂದಲೆಳೆ ದಪ್ಪದ ಒಂದು ಕೆಂಪು ಉಂಗುರ. ಅಂದರೆ ಸಾಫ್ಟ್‌ವೇರ್ ಹೇಳಿತ್ತು. ನಾನೇ ಬಾಯಿ ಮುಚ್ಚಿಸಿದ್ದೆ.

ಫಿಲ್ಲೆಟ್ ನೀವು ಹೇಳಿದ ಹಾಗೇ 1.5. ಯಾಕೆ 1.5 ಕೊಟ್ಟೆ ಅಂತ ಕೇಳಿದರೆ ಉತ್ತರ ಇಲ್ಲ. ಹಿಂದಿನ ಪಾರ್ಟಿನಲ್ಲಿ ಹಾಕಿದ್ದ ನಂಬರ್ ಬಾಕ್ಸಿನಲ್ಲಿ ಹಾಗೇ ಇತ್ತು, ಸುಮ್ನೆ ಓಕೆ ಒತ್ತಿದೆ. ಟರ್ನರ್ ಪಾಪ ಡ್ರಾಯಿಂಗ್ ನೋಡಿ ಅಚ್ಚುಕಟ್ಟಾಗಿ 1.5 ಮಾಡಿಕೊಟ್ಟಿದ್ದಾರೆ. ಮಾರ್ಕಿಂಗ್ ಬ್ಲೂ ನೋಡಲು ಅಣ್ಣನನ್ನು ಕೇಳಿದ್ದೇನೆ.

ಆದರೆ ಪಾಕೆಟ್ಟಿನದು ಪಟ್ಟಿಯಲ್ಲಿ ಬಂದೇ ಇಲ್ಲವಲ್ಲ? ಅದೊಂದು ನನ್ನ ತಪ್ಪಲ್ಲ ಅಂದುಕೊಳ್ಳಲಾ?

ಟೂಲ್‌ರೂಮ್ ಅಜ್ಜ

ಅದೂ ನಿಂದೇ ಅಪ್ಪ.

ಮಾಡೆಲ್‌ನಲ್ಲಿ ಪಾಕೆಟ್ 60.000, ಬ್ಲಾಕ್ 60.000, ಎರಡೂ ಮೂಲೆ ಚೂಪು. ಮುಖಕ್ಕೆ ಮುಖ ಮುಟ್ಟಿದೆ, ಒಂದರೊಳಗೆ ಒಂದು ಹೋಗಿಲ್ಲ. ಹಾಗಾಗಿ ಸೊನ್ನೆ. ಎಚ್7, ಜಿ6 ಅನ್ನೋದು ಡ್ರಾಯಿಂಗಿನಲ್ಲಿ ಬರೆದ ಅಕ್ಷರ, ಮಾಡೆಲ್ ಅದನ್ನು ನೋಡಲ್ಲ. ಕಟ್ಟರ್ ದುಂಡಗಿದೆ ಅಂತಲೂ ಅದಕ್ಕೆ ಗೊತ್ತಿಲ್ಲ. ಇನ್ನು ಮೇಲೆ ಮಿಲ್ಲಿಂಗ್ ಮಾಡುವ ಪ್ರತಿ ಪಾಕೆಟ್ಟಿಗೂ ಮೂಲೆ ದುಂಡನ್ನು ಮಾಡೆಲ್‌ನಲ್ಲೇ ಹಾಕು, ಆಗ ಅದೇ ಡಿಟೆಕ್ಷನ್ ನಾಲ್ಕು ಮೂಲೆಯಲ್ಲೂ ಕೆಂಪು ತೋರಿಸುತ್ತೆ. ಮುಟ್ಟಿದ ಮುಖಗಳನ್ನೂ ತೋರಿಸುವ ಒಂದು ಆಯ್ಕೆ ಇದೆ, ಟ್ರೀಟ್ ಕೋಇನ್ಸಿಡೆನ್ಸ್ ಆ್ಯಸ್ ಇಂಟರ್‌ಫಿಯರೆನ್ಸ್. ದಿನಾ ಹಾಕಿದರೆ ತಲೆ ಚಿಟ್ಟು ಹಿಡಿಯುತ್ತೆ. ಡ್ರಾಯಿಂಗ್ ಕೊಡುವ ಮುಂಚೆ ಒಂದೇ ಸಲ ಹಾಕಿ, ಎಲ್ಲೆಲ್ಲಿ ಸಮಕ್ಕೆ ಸಮ ಕೂತಿದೆ ನೋಡಿಕೋ. ಅಲ್ಲೆಲ್ಲ ಫಿಟ್ ಏನು ಅಂತ ನೀನು ತೀರ್ಮಾನ ಮಾಡಿದ್ದೀಯಾ, ಅಷ್ಟೇ ಪ್ರಶ್ನೆ.

ಬೋಲ್ಟುಗಳು 32 ಬಂದದ್ದೂ ಇದೇ ಥರ. ಎಂ8 ಟ್ಯಾಪಿಗೆ ಮಾಡೆಲ್‌ನಲ್ಲಿ ತೂತು 6.8, ಬೋಲ್ಟ್ 8. ಥ್ರೆಡ್ ಬರೀ ಚಿತ್ರ. ಅದು ಸುಳ್ಳು ಎಚ್ಚರಿಕೆ, ಫೋಲ್ಡರಿಗೆ ಹಾಕಿದ್ದು ಸರಿ. ಆದರೆ ಆ ಫೋಲ್ಡರನ್ನೂ ಒಮ್ಮೆ ತೆರೆದು ನೋಡಬೇಕು. ಕ್ಲಿಯರೆನ್ಸ್ (ಬೋಲ್ಟ್ ಸಲೀಸಾಗಿ ದಾಟುವ) ತೂತು ಇರಬೇಕಾದ ಪ್ಲೇಟಿನಲ್ಲಿ ತಪ್ಪಿ 6.8 ಹಾಕಿದ್ದರೆ ಅದೂ ಅಲ್ಲೇ ಅಡಗಿ ಕೂತಿರುತ್ತೆ. ಒಂದೇ ಬೋಲ್ಟಿಗೆ ಎರಡು ಎಂಟ್ರಿ ಕಂಡರೆ ಅನುಮಾನ ಪಡು.

ಇನ್ನೊಂದು ಕೇಳಬೇಕು. ಎಚ್7, ಜಿ6 ಪಾಕೆಟ್ಟಿನಲ್ಲಿ ಬ್ಲಾಕ್ ಲೊಕೇಟ್ ಆಯಿತು. ಮತ್ತೆ ಎರಡು ಡೋವೆಲ್ ಯಾಕೆ?

ಸೊನ್ನೆ ಪಾಯಿಂಟ್ ಎರಡು

ಇಷ್ಟೆಲ್ಲ ಪುರಾಣ ಯಾಕೆ ಸ್ವಾಮಿ. ಎಲ್ಲ ಕಡೆ 0.2 ಕ್ಲಿಯರೆನ್ಸ್ ಬಿಟ್ಟು ಮಾಡೆಲ್ ಮಾಡಿ. ಹತ್ತು ವರ್ಷದಿಂದ ಮಾಡ್ತಾ ಇದ್ದೀನಿ, ಒಂದು ಪಾರ್ಟೂ ವಾಪಸ್ ಬಂದಿಲ್ಲ.

ಉದ್ಯಮಬಾಗ ವಿಎಂಸಿ

ನೀವು ಗಾರ್ಡು, ಕವರು ಮಾಡ್ತೀರಿ ಅನಸ್ತದ. ಅಲ್ಲಿ 0.2 ನಡೆಯುತ್ತೆ, 1 ಬಿಟ್ಟರೂ ನಡೆಯುತ್ತೆ. ಇದು ಲೊಕೇಟಿಂಗ್ ಬ್ಲಾಕ್ ರೀ. 0.2 ಆಡಿದರೆ ಪಂಪ್ ಬಾಡಿಯ ತೂತು ಒಂದೊಂದು ಪೀಸಿಗೆ ಒಂದೊಂದು ಕಡೆ ಬರುತ್ತೆ. ಆಗ ಪಾರ್ಟ್ ವಾಪಸ್ ಬರಲ್ಲ, ಗಿರಾಕಿನೇ ಬರ್ತಾನ.

ಅಜ್ಜಾರ, ಚ್ಯಾಂಫರ್ ಬಗ್ಗೆ ನೀವು ಹೇಳಿದ್ದು ಖರೆ. ಸ್ಕೆಚ್ ಹಾಕಿ ನೋಡಿದೆ. ತುದಿ ಬಡಿಯುತ್ತೆ. ಇಷ್ಟು ದಿನ ಗೊತ್ತಿರಲಿಲ್ಲ.

ಹುಬ್ಬಳ್ಳಿ ಶೀಟ್ ಮೆಟಲ್

ಹುಬ್ಬಳ್ಳಿಯಿಂದ, ಪ್ಯಾನೆಲ್ ಡಿಸೈನ್ ಮಾಡುತ್ತೇನೆ. ವಿಷಯ ಬೇರೆ, ನೋವು ಒಂದೇ. ನನ್ನದು ಮಾಡೆಲ್‌ನಲ್ಲಿ ಸರಿ, ಕಚ್ಚಾ ಜೋಡಣೆಯಲ್ಲೂ ಸರಿ. ಪೌಡರ್ ಕೋಟಿಂಗ್ ಆಗಿ ಬಂದಮೇಲೆ ಟ್ಯಾಬು ಸ್ಲಾಟಿಗೆ ಹೋಗಲಿಲ್ಲ. ಒಂದು ಮುಖಕ್ಕೆ 60–80 ಮೈಕ್ರಾನ್ ಬಣ್ಣ ಕೂರುತ್ತೆ. ಟ್ಯಾಬಿಗೆ ಎರಡು ಮುಖ, ಸ್ಲಾಟಿಗೆ ಎರಡು ಗೋಡೆ, ನಾಲ್ಕು ಪದರ ಸೇರಿ 0.3 ಹತ್ತಿರ ಹೋಯಿತು. ನಾನು ಬಿಟ್ಟಿದ್ದದ್ದು 0.2. ನಲವತ್ತು ಪ್ಯಾನೆಲ್ಲಿಗೆ ಅರ ಹಿಡಿದು ಕೂತ ಹುಡುಗರು ಇವತ್ತಿಗೂ ನನ್ನ ಮುಖ ನೋಡಿದರೆ ಅರ ತೋರಿಸುತ್ತಾರೆ.

ಅಣ್ಣಾರ, ನಿಮ್ಮ ಕ್ಲ್ಯಾಂಪ್ ವಿಷಯಕ್ಕೆ ಯಾರೂ ಬಂದಿಲ್ಲ, ನಾನು ಹೇಳುತ್ತೇನೆ. ಇಂಟರ್‌ಫಿಯರೆನ್ಸ್ ಡಿಟೆಕ್ಷನ್ ಫೋಟೋ ಇದ್ದ ಹಾಗೆ, ನಿಂತ ಭಂಗಿ ಮಾತ್ರ ನೋಡುತ್ತೆ. ನೀವು ಆರ್ಮ್ ಮುಚ್ಚಿದ ಭಂಗಿಯಲ್ಲಿ ನೋಡಿದ್ದೀರಿ. ಆರ್ಮ್‌ನ ಆ್ಯಂಗಲ್ ಮೇಟ್ (ಕೋನ ಕಟ್ಟಿಹಾಕಿದ್ದು) ಸಪ್ರೆಸ್ ಮಾಡಿ. ಮೂವ್ ಕಾಂಪೊನೆಂಟ್‌ನಲ್ಲಿ ಕೊಲಿಷನ್ ಡಿಟೆಕ್ಷನ್, ಸ್ಟಾಪ್ ಅಟ್ ಕೊಲಿಷನ್ ಟಿಕ್ ಮಾಡಿ ಕೈಯಲ್ಲಿ ಎಳೆಯಿರಿ. ಎಲ್ಲಿ ಬಡಿಯುತ್ತೋ ಅಲ್ಲೇ ನಿಲ್ಲುತ್ತೆ. ದೊಡ್ಡ ಅಸೆಂಬ್ಲಿ ಆದರೆ ಎಲ್ಲದರ ವಿರುದ್ಧ ನೋಡಬೇಡಿ, ಮಷಿನ್ ಒದ್ದಾಡುತ್ತೆ. ಆರ್ಮ್ ಮತ್ತು ಸುತ್ತಲಿನ ನಾಲ್ಕು ಪಾರ್ಟ್ ಆರಿಸಿಕೊಂಡರೆ ಸಾಕು.

ನಾನು ಅಸೆಂಬ್ಲಿ ಒಳಗೆ ಒಂದು ಅಲೆನ್ ಕೀ ಮಾಡೆಲ್ಲೂ ಇಟ್ಟುಕೊಂಡಿರುತ್ತೇನೆ. ಬೋಲ್ಟ್ ಕೂತರೆ ಆಗಲಿಲ್ಲ, ಅದನ್ನು ತಿರುಗಿಸಲು ಕೀಗೂ ಕೈಗೂ ಜಾಗ ಬೇಕಲ್ಲ.

ಪೀಣ್ಯದ ಹುಡುಗ

ನಾಲ್ಕು ದಿನದ ನಂತರ ಬರೆಯುತ್ತಿದ್ದೇನೆ, ಕ್ಷಮಿಸಿ. ಶಾಪಲ್ಲೇ ಇದ್ದೆ.

ಬೇರಿಂಗ್: ಮಾರ್ಕಿಂಗ್ ಬ್ಲೂ ಹಚ್ಚಿ ನೋಡಿದೆವು. ಶೋಲ್ಡರ್ ಮುಖ ಪೂರ್ತಿ ನೀಲಿ, ಫಿಲ್ಲೆಟ್ ನಡುವೆ ಮಾತ್ರ ಹೊಳೆಯುವ ಒಂದು ಗೆರೆ. ನಾನು ಇಂಥದ್ದನ್ನು ಕಣ್ಣಾರೆ ನೋಡಿದ್ದು ಮೊದಲ ಸಲ, ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಂಡಿದ್ದೇನೆ. ಶಾಫ್ಟ್ ಎರಡನ್ನೂ ಲೇತಿಗೆ ಹಾಕಿದರು. ಟರ್ನರ್ ಬೇರೆ ಏನೂ ಮಾಡಲಿಲ್ಲ, 0.8 ನೋಸ್ ರೇಡಿಯಸ್ ಇರುವ ಇನ್ಸರ್ಟ್ ಹಾಕಿ ಬುಡ ಕ್ಲೀನ್ ಮಾಡಿದರು. ತಾನಾಗೇ 0.8 ಫಿಲ್ಲೆಟ್ ಆಯಿತು. ಈಗ 0.03 ಫೀಲರ್ ಕೂಡ ಹೋಗುತ್ತಿಲ್ಲ. ಒಂದು ಬೇರಿಂಗಿಗೆ ಮೊದಲ ದಿನ ಹೊರ ರಿಂಗ್ ಮೇಲೆ ಏಟು ಬಿದ್ದಿತ್ತು, ಕೈಯಲ್ಲಿ ತಿರುಗಿಸಿದರೆ ಕಟಕಟ ಅನ್ನುತ್ತಿತ್ತು. ಅದನ್ನು ಬದಲಾಯಿಸಿದೆವು.

ಪಾಕೆಟ್: ಡಾಗ್‌ಬೋನ್ ಹಾಕಿಸಿದೆ. ಬ್ಲಾಕ್ ಕೈಯಲ್ಲೇ ಒತ್ತಿದರೆ ಇಳಿಯಿತು. ಗಾಳಿ ಪುಸ್ ಅಂತ ಹೊರಗೆ ಬಂತು, ಎಷ್ಟು ಖುಷಿ ಆಯಿತು ಅಂದರೆ ಎರಡು ಸಲ ತೆಗೆದು ಮತ್ತೆ ಹಾಕಿದೆ. ಆಮೇಲೆ ಡೋವೆಲ್ ಹಾಕಲು ಹೋದರೆ ಒಂದು ಹೋಯಿತು, ಇನ್ನೊಂದು ಅರ್ಧಕ್ಕೆ ನಿಂತಿತು. ಆಗ ಸರ್ ಕೇಳಿದ ಪ್ರಶ್ನೆ ಅರ್ಥ ಆಯಿತು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹಳೆಯ ಫಿಕ್ಸ್ಚರಿನಲ್ಲಿ ಡೋವೆಲ್ ಇತ್ತು, ನಾನೂ ಹಾಕಿದೆ.

ಟೂಲ್‌ರೂಮ್ ಅಜ್ಜ

ಅದೇ ಅಂದುಕೊಂಡೆ. ಪಾಕೆಟ್ ಒಂದು ಕಡೆ ಎಳೆಯುತ್ತೆ, ಡೋವೆಲ್ ಇನ್ನೊಂದು ಕಡೆ. ಡೋವೆಲ್ 8 ಎಂ6 (ಇದು ಥ್ರೆಡ್ ಅಲ್ಲ, ಟಾಲರೆನ್ಸ್), ಅಂದರೆ 8ಕ್ಕಿಂತ 6ರಿಂದ 15 ಮೈಕ್ರಾನ್ ಜಾಸ್ತಿ. ತೂತು ಎಚ್7, 0ಯಿಂದ 15 ಜಾಸ್ತಿ. ಅಲ್ಲಿ ಆಡಲು ಜಾಗ ಇಲ್ಲ ಅಂತಲೇ ಲೆಕ್ಕ. ಅದರ ಮೇಲೆ ಬ್ಲಾಕ್ ಹಾರ್ಡನ್ ಆಗುವಾಗ ತೂತಿನಿಂದ ತೂತಿಗೆ ಅಂತರ ಚೂರು ಸರಿದಿರುತ್ತೆ. ಒಂದು ಹೋಗಿದ್ದೇ ಪುಣ್ಯ. ಒಂದು ಮದುವೆಗೆ ಒಬ್ಬ ಪುರೋಹಿತ ಸಾಕು. ಒಂದೋ ಪಾಕೆಟ್ ಸಡಿಲ ಮಾಡಿ ಡೋವೆಲ್ ನಂಬು, ಇಲ್ಲಾ ಡೋವೆಲ್ ಬಿಡು. ನಿನ್ನ ಜಾಬಿಗೆ ಪಾಕೆಟ್ ಸಾಕು. ಬೋಲ್ಟ್ ಬಿಗಿ ಮಾಡು, ಡೋವೆಲ್ ತೂತು ಹಾಗೇ ಬಿಡು.

ಆ ಸ್ಪ್ರಿಂಗ್ ಒಂದು ಇಗ್ನೋರ್ ಮಾಡಿದ್ದೆಯಲ್ಲ, ಅದು ಏನು?

ಪೀಣ್ಯದ ಹುಡುಗ

ಡೋವೆಲ್ ಬಿಟ್ಟೆವು ಸರ್. ಡಯಲ್ ಇಟ್ಟು ನೋಡಿದೆವು, ಬ್ಲಾಕ್ ಅಲುಗುತ್ತಿಲ್ಲ. ಕ್ಲ್ಯಾಂಪಿಗೆ ಹುಬ್ಬಳ್ಳಿ ಅಕ್ಕ ಹೇಳಿದ ಹಾಗೆ ಎಳೆದು ನೋಡಿದೆ, 40 ಡಿಗ್ರಿ ಹತ್ತಿರ ನಿಂತಿತು. ಪ್ಲೇಟ್ 25 ದಪ್ಪ ಇದೆಯಲ್ಲ, ಬೋಲ್ಟ್ ತಲೆ ಒಳಗೆ ಮುಳುಗಲು 15 ವ್ಯಾಸ, 9 ಆಳ ಕೌಂಟರ್‌ಬೋರ್ ಹಾಕಿಸಿದೆ. ಈಗ ಆರ್ಮ್ ಪೂರ್ತಿ ತೆರೆಯುತ್ತೆ.

ಸ್ಪ್ರಿಂಗ್ ಆರ್ಮ್ ಕೆಳಗಿನದು. ಮಾಡೆಲ್‌ನಲ್ಲಿ ಫ್ರೀ ಲೆಂತ್ 40 ಹಾಗೇ ಇಟ್ಟಿದ್ದೆ, ಅದಕ್ಕೇ ಪ್ಲೇಟಿನೊಳಗೆ ನುಗ್ಗಿದ ಹಾಗೆ ತೋರಿಸುತ್ತಿತ್ತು. ಒತ್ತಿದಾಗ ಕುಗ್ಗುತ್ತೆ ಅಂತ ಇಗ್ನೋರ್ ಕೊಟ್ಟೆ.

ಟೂಲ್‌ರೂಮ್ ಅಜ್ಜ

ಕುಗ್ಗುತ್ತೆ, ಸರಿ. ಎಲ್ಲಿವರೆಗೆ? ತಂತಿ ದಪ್ಪ ಎಷ್ಟು, ಒಟ್ಟು ಸುತ್ತು ಎಷ್ಟು, ಆರ್ಮ್ ಪೂರ್ತಿ ಒತ್ತಿದಾಗ ಕೆಳಗೆ ಜಾಗ ಎಷ್ಟು?

ಪೀಣ್ಯದ ಹುಡುಗ

ಈಗ ಹೋಗಿ ವರ್ನಿಯರ್ ಹಿಡಿದು ಬಂದೆ ಸರ್. ತಂತಿ 2, ಸುತ್ತು 11, ಪೂರ್ತಿ ಕೂತರೆ 22. ಜಾಗ 24.

ಎರಡು ಮಿಲಿಮೀಟರ್ ಉಳಿದಿದೆ. ಲೆಕ್ಕ ಹಾಕಿ ಉಳಿಸಿದ್ದಲ್ಲ.